ತಂಗಿ ಹಿಡಿದಿಟ್ಟ ಕಲ್ಲು

ಮಕ್ಕಳ ತಾಯಿಯಾದ ಮೇಲೂ ತಂಗಿ ತಾಂಡೂರಿನ ಬಸ್ ನಿಲ್ದಾಣದ ಒದ್ದೆ ಫರಸಿ ಹಾಸುಗಲ್ಲಿನ ಮೇಲೆ ನಿಂತು, "ಅಕ್ಕಾ, ಬೋರ್ಡಿನ್ಯಾಗ ಯಾವ ಊರ ಬರ್ದದ?" ಎಂದು ಕೇಳಿದಾಗಲೆಲ್ಲ ನನಗೆ ನಮ್ಮ ಶಾಲೆಯ ಜಗುಲಿ ನೆನಪಾಗುತ್ತದೆ.

ಓದಿನಲ್ಲಿ ಹಿಂದುಳಿದವರಿಗೆಂದು ಸರ್ಕಾರ ಕೊಟ್ಟಿದ್ದ ಸಂಜೆಯ ಟೀಚರು ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫರಸಿಕಲ್ಲು ಹಂಚಿ, ಅದರ ಮೇಲೆ ಸೀಮೆಸುಣ್ಣದಿಂದ ಬರೆಸಿ, ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದ ದಿನ ಉಳಿದವರ ಹಾಗೆ ನಾನೂ ಎಲ್ಲೂ ತಡವರಿಸದೆ ಇಡೀ ಪಾಠ ಓದಿದೆ.

"ಎಲ್ಲಾರಿಗೂ ಓದಾಕ ಬರ್ತದಲ್ರಿ," ಎಂದರು ಅವರು ಖುಷಿಯಿಂದ. "ಇನ್ನ ಇಲ್ಲಿ ಸಂಜಿ ಟೀಚರ್ ಬ್ಯಾಡ್ರಿ. ಆ ರೊಕ್ಕ ಬ್ಯಾರೆ ಸಾಲಿಗಿ ಕೊಡ್ತೀವಿ."

ಟೀಚರು ನನ್ನ ಕಲ್ಲು ಒರೆಸಿದರು. ಇನ್ನೂ ಶಾಲೆಗೆ ಸೇರಿರದ ತಂಗಿ ಓಡಿ ಬಂದು ಆ ಹಸಿ ಕಲ್ಲಿನ ಮೇಲೆ ಕೂತಳು.

"ಬರೋ ವರ್ಷ ಇದು ನಂದ್ರಿ ಟೀಚರ್. ಯಾರಿಗೂ ಕೊಡಬ್ಯಾಡ್ರಿ."