ಐದು ನಿಮಿಷದ ಶಿಕ್ಷೆ

ಆ ಬೆಳಗ್ಗೆ ಕೆನಡಾದ ಸಸ್ಕಾಚೆವಾನ್ ಬಯಲಿನ ಊರಲ್ಲಿ ಉಗುಳು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿ. ಮಧ್ಯಾಹ್ನ ಐಸ್-ಹಾಕಿ ಆಟದ ಅಂಗಣದೊಳಗೆ ಮಾತ್ರ ಮೂರು ಸಾವಿರ ಜನ ಕೋಟು ಬಿಚ್ಚಿ ಕೂಗುತ್ತಿದ್ದರು. "ಟರ್ಕಾಟ್! ಟರ್ಕಾಟ್!" ತಲೆಗೆ ಒಂದೆರಡು ಏಟು ತಿಂದರೂ ಎದುರಾಳಿಯನ್ನು ಗುದ್ದಿ ಕೆಡವಿದ ಊರ ತಂಡದ ಹುಡುಗ ಟರ್ಕಾಟ್, ಹೊಡೆದಾಡಿದ್ದಕ್ಕೆ ಐದು ನಿಮಿಷ ಆಟದಿಂದ ಹೊರಗಿರುವ ಶಿಕ್ಷೆಗೆಂದು ಅಂಗಣದ ಅಂಚಿನ ಗಾಜಿನ ಗೂಡಿಗೆ ಬಂದು ಕೂತ. ಆ ಗೂಡಿನ ಬಾಗಿಲು ಕಾಯುವ ಮುದುಕ ಓರೆಸ್ಟ್ ಕೂಡ ಈಗಷ್ಟೇ "ಹಾಕು ಇನ್ನೊಂದು!" ಎಂದು ಕೂಗಿ ಗಂಟಲು ಕೆಡಿಸಿಕೊಂಡಿದ್ದ.

"ಭಲೇ ಮರಿ! ಅವನ ಹಲ್ಲು ಇನ್ನು ಅವರಮ್ಮ ಹುಡುಕಿದ್ರೂ ಸಿಗಲ್ಲ," ಎಂದು ಟವೆಲು ಕೊಟ್ಟ.

ಹುಡುಗ ಜನರನ್ನೇ ನೋಡುತ್ತಿದ್ದ. "ಅಜ್ಜ, ಇವ್ರೆಲ್ಲ ಯಾರನ್ನ ಕೂಗ್ತಿದಾರೆ?"

"ತಮಾಷೆ ಸಾಕು. ನಿನ್ನನ್ನೇ ಕಣೋ."

"ನನ್ನನ್ನಾ?" ಹುಡುಗ ಮಗುವಿನ ಹಾಗೆ ನಕ್ಕ. "ನಾನೇನ್ ಮಾಡ್ದೆ?"

ಓರೆಸ್ಟ್ ಏಟು ಬಿದ್ದಿದ್ದ ಆ ತಲೆಯನ್ನೊಮ್ಮೆ ನೋಡಿದ. ದೇವರನ್ನು ನೆನೆದು ಎದ್ದು, ಅಂಗಣದ ಆಚೆ ಬದಿಯಲ್ಲಿ ಕೂತಿದ್ದ ತಂಡದ ಡಾಕ್ಟರ ಕಡೆಗೆ ಎರಡೂ ಕೈ ಬೀಸಿದ. "ಬೇಗ ಬನ್ನಿ! ಹುಡುಗನಿಗೆ ಏನೋ ಆಗಿದೆ!" ಆ ಗದ್ದಲದಲ್ಲಿ ಅವನ ದನಿ ಅವನಿಗೇ ಕೇಳಿಸಲಿಲ್ಲ. ಗಾಜಿಗೆ ಒತ್ತಿಕೊಂಡು ನಿಂತಿದ್ದವನೊಬ್ಬ, "ನೋಡ್ರೋ, ಮುದುಕನಿಗೂ ಹುಚ್ಚು ಹಿಡೀತು!" ಎಂದು ತಾನೂ ಕೈ ಬೀಸಿದ. ಸಾಲಿನಿಂದ ಸಾಲಿಗೆ ಕೈಗಳೆದ್ದವು. ಆಚೆ ಬದಿಯಲ್ಲಿ ಡಾಕ್ಟರೂ ನಗುತ್ತಾ ಕೈ ಎತ್ತಿದರು. ಅಷ್ಟು ಕೈಗಳನ್ನು ಕಂಡು ಟರ್ಕಾಟ್ ಓರೆಸ್ಟನ ಪಕ್ಕದಲ್ಲಿ ಎದ್ದು ನಿಂತು, ತಾನೂ ಬೀಸತೊಡಗಿದ.