ಬಾಣಂತಿಯ ಮಂಚ

ಸರ್ಕಾರ ಪ್ಲಾಸ್ಟಿಕ್ ಕವರುಗಳನ್ನು ನಿಷೇಧಿಸಿದ ಮೇಲೆ ಬೋರೇಶ ಅಂಗಡಿಯಲ್ಲಿದ್ದ ಕವರಿನ ಮೂಟೆಗಳನ್ನೆಲ್ಲ ಬಾಣಂತಿ ಹೆಂಡತಿಯ ಮಂಚದ ಕೆಳಗೆ ತುರುಕಿ, ಅಲ್ಲಿಂದಲೇ ಗುಟ್ಟಾಗಿ ಮಾರತೊಡಗಿದ.

"ಈ ನಾತಕ್ಕೆ ಕೂಸು ಕೆಮ್ತಾ ಅದೆ ಕಣ್ರೀ," ಎಂದಳು ಚೆಲುವಿ.

"ಬಾಣಂತಿ ಮಂಚ ಯಾರೂ ಮುಟ್ಟಕಿಲ್ಲ. ಬಾಯ್ ಮುಚ್ಕೊಂಡು ಮನಿಕೊ."

ಒಂದು ಬೆಳಿಗ್ಗೆ ಪುರಸಭೆಯ ಅಧಿಕಾರಿ ಬಂದೇಬಿಟ್ಟರು. ಅಟ್ಟ, ಅಡುಗೆಮನೆ, ಹಿತ್ತಲು ಎಲ್ಲ ತಡಕಿದರು. ಕೋಣೆಯ ಬಾಗಿಲಿಗೆ ಬಂದವರು ಮಂಚದ ಮೇಲೆ ಬಾಣಂತಿಯನ್ನೂ ಎಳೆಗೂಸನ್ನೂ ಕಂಡು ಸಂಕೋಚದಿಂದ ಹಿಂದೆ ಸರಿದರು.

"ಯಾರೋ ನಮಗಾಗದೋರು ದೂರು ಕೊಟ್ಟವ್ರೆ ಸಾರ್," ಎಂದು ಬೋರೇಶ ಮೀಸೆಯಡಿಯಲ್ಲೇ ನಕ್ಕ.

"ಇರಬಹುದು. ನೀವು ಏಳಬೇಡಿ ತಾಯಿ, ಮಲಗಿ," ಎಂದು ಅಧಿಕಾರಿ ಹೊರಟರು.

ಚೆಲುವಿ ಕೂಸನ್ನು ಎದೆಗವುಚಿಕೊಂಡು ಎದ್ದು ನಿಂತಳು.

"ದೂರು ಕೊಟ್ಟೋಳು ನಾನೇ ಸಾರ್. ಮಂಚ ಸರಿಸಿ."