ಕೊನೆಯ ಗಂಟು

ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯ ದಿನ ಬೆಳಿಗ್ಗೆ ಗಂಡ ಕಸ್ತೂರಿಯ ಹಾಲ್ ಟಿಕೆಟ್ ಕಸಿದು ತನ್ನ ಅಂಗಿಯ ಜೇಬಿಗೆ ತುರುಕಿಕೊಂಡ.

"ಕಂಡವರ ಮೈ ಮುಟ್ಟೂ ಕೆಲಸ ನಮ್ಮ ಮನಿಯಾಗ ಬ್ಯಾಡ. ಪರೀಕ್ಷಾನೂ ಬ್ಯಾಡ."

ವರ್ಷವಿಡೀ ಒಲೆಯ ಮುಂದೆ ಪುಸ್ತಕ ಹಿಡಿದು ಓದಿದವಳು ವಾದಕ್ಕೇ ಇಳಿಯಲಿಲ್ಲ.

"ಆತು ಬಿಡ್ರಿ. ಕಲ್ತದ್ದನ್ನ ನಿಮ್ಮ ಮ್ಯಾಲರ ಒಂದ್ ಸಲ ಮಾಡಿ ನೋಡ್ತೀನಿ. ಪೇಶಂಟ್ ಆಗ್ರಿ."

ಗೆದ್ದ ಗತ್ತಿನಲ್ಲಿ ಅವನು ಕುರ್ಚಿಯ ಮೇಲೆ ಕುಳಿತ. ಅವಳು ಬ್ಯಾಂಡೇಜ್ ತಂದು ಅವನ ಬಲಗೈ ಮಡಿಸಿ ಎದೆಗೆ ಬಿಗಿದಳು, ಆಮೇಲೆ ಎಡಗೈ. ಕಾಲು ಮುರಿದವರಿಗೆ ಕಟ್ಟುವಂತೆ ಎರಡೂ ಕಾಲು ಜೋಡಿಸಿ ಸುತ್ತಿದಳು.

"ಭಾಳ ಬಿಗಿ ಆತಲ್ಲೇ!"

"ಸಡಿಲ ಕಟ್ಟಿದ್ರ ಮಾರ್ಕ್ಸ್ ಕಟ್ ಮಾಡ್ತಾರ್ರಿ."

"ಯಾವ ಮಾರ್ಕ್ಸು? ನೀ ಹೋಗಂಗೇ ಇಲ್ಲಲ್ಲ!" ಅವನು ಗಹಗಹಿಸಿ ನಕ್ಕ.

ದವಡೆ ಮುರಿದವರಿಗೆ ಹಾಕುವ ಪಟ್ಟಿಯನ್ನು ಗದ್ದದಿಂದ ನೆತ್ತಿಗೆ ಸುತ್ತಿ ಕಸ್ತೂರಿ ಕೊನೆಯ ಗಂಟು ಬಿಗಿದಳು. ಅವನ ನಗು ಅಲ್ಲಿಗೇ ನಿಂತಿತು.

ಅವನ ಜೇಬಿನಿಂದ ಹಾಲ್ ಟಿಕೆಟ್ ತೆಗೆದುಕೊಂಡು, ಚಪ್ಪಲಿ ಮೆಟ್ಟುತ್ತ ಅವಳು ಹೇಳಿದಳು: "ಅಲುಗಾಡಬ್ಯಾಡ್ರಿ. ಪರೀಕ್ಷಾ ಬರದು ಬಂದು ಬಿಚ್ತೀನಿ."